ಬೆನ್ನಿಗೆ ಕಣ್ಣಿಲ್ಲ

ಸೋಪಿನ ಮೇಲೆ ಮತ್ತೆ ಒಂದು ಕೂದಲು. ಗುಂಗುರಾಗಿ, ಒದ್ದೆಯಾಗಿ, ಸೋಪಿಗೇ ಹುಟ್ಟಿದ್ದೇನೋ ಎಂಬಂತೆ ಅಂಟಿಕೊಂಡು ಬಿದ್ದಿತ್ತು. ಅಳತೆಗಾರ ಅದನ್ನು ಉಗುರಿನಿಂದ ಎತ್ತಲು ನೋಡಿದ, ಜಾರಿತು. ನೀರು ಹೊಯ್ದ, ಇನ್ನಷ್ಟು ಒಳಕ್ಕೆ ಹೊಕ್ಕಿತು. ಈ ಮನೆಯಲ್ಲಿ ಗುಂಗುರು ಕೂದಲಿದ್ದದ್ದು ಇಬ್ಬರಿಗೆ, ಅವನ ಹೆಂಡತಿಗೆ ಮತ್ತು ಹೆಂಡತಿಯ ಅಣ್ಣನಿಗೆ. ಹೆಂಡತಿಯದಾದರೆ ಉದ್ದ ಇರುತ್ತಿತ್ತು. ಹಾಗಾಗಿ ಇದು ಅವಳ ಅಣ್ಣ ಬಡಾಯಿಯದು. ತಲೆಯದೋ, ಎದೆಯದೋ, ಇನ್ನೆಲ್ಲಿಯದೋ. ಸೋಪನ್ನು ಅಲ್ಲೇ ಬಿಟ್ಟು ಬರಿ ನೀರಿನಲ್ಲಿ ಮೈ ತೊಳೆದುಕೊಂಡ. ಬಾಗಿಲಾಚೆ ಬಡಾಯಿ ಕ್ಯಾಕರಿಸುತ್ತಿದ್ದ, ನಡುನಡುವೆ ಪುಟ್ಟೀ ಎಂದು ತಂಗಿಯನ್ನು ಕರೆದು ಮಾತು, ಮತ್ತೆ ಕ್ಯಾಕರಿಕೆ. ಗಂಟಲಲ್ಲಿ ಕಫ ಇಟ್ಟುಕೊಂಡೂ ಮಾತಾಡಬಲ್ಲವನು ಊರಿಗೆಲ್ಲ ಇವನೊಬ್ಬನೇ. ಇಬ್ಬರೂ ಕೆಲಸ ಮಾಡುವ ಗಾಜಿನ ಅಂಗಡಿಯಲ್ಲಿ ಇಟ್ಟ ಅಡ್ಡಹೆಸರುಗಳು ಹೇಗೋ ಮನೆಗೂ ಬಂದು ಸೇರಿಕೊಂಡಿದ್ದವು. ಟೇಪು ಹಿಡಿದು ಅಳೆದು ಗಾಜು ಕತ್ತರಿಸುವವನು ಅಳತೆಗಾರ, ಬಾಯಿ ಮುಚ್ಚದವನು ಬಡಾಯಿ. ಒಂದು ಕಾಲದಲ್ಲಿ ಇದೇ ಬಾಯಿಗಾಗಿ ಅಳತೆಗಾರ ಅವನನ್ನು ಹುಡುಕಿಕೊಂಡು ಹೋಗುತ್ತಿದ್ದ. ತನಗೆ ನಾಲ್ಕು ಜನರ ಮುಂದೆ ಮಾತು ಹೊರಡುವುದಿಲ್ಲ. ಪಕ್ಕದಲ್ಲಿ ಬಡಾಯಿ ಇದ್ದರೆ ಹೊರಡಬೇಕಾಗಿಯೂ ಇರಲಿಲ್ಲ. ಹೆಣ್ಣು ಕೇಳಲು ಹೋದಾಗ ಕೂಡ, ಹೆಣ್ಣಿನ ಅಣ್ಣನೇ ಗಂಡಿನ ಕಡೆಯಿಂದಲೂ ಮಾತಾಡಿ, ತನ್ನ ಪ್ರಶ್ನೆಗೆ ತಾನೇ ಉತ್ತರ ಕೊಟ್ಟು, ಎಲ್ಲರನ್ನೂ ನಗಿಸಿ ಮದುವೆ ಮಾಡಿಸಿಬಿಟ್ಟಿದ್ದ. ಅವತ್ತು ಅಳತೆಗಾರನೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದ. ಆಮೇಲೆ ಬಡಾಯಿ ಮದುವೆಯಾಗಲಿಲ್ಲ, ತಂಗಿಯ ಮನೆಯ ಮುಂದಿನ ಕೋಣೆಯಲ್ಲಿ ಉಳಿದುಕೊಂಡ, ಉಳಿದೇ ಹೋದ.

ಇವತ್ತು ಹೇಳಬೇಕು. ಸಂಜೆಯೊಳಗೆ ಹೇಳಲೇಬೇಕು. ಟವೆಲ್ಲು ಸುತ್ತಿಕೊಂಡು ಹೊರಗೆ ಬಂದಾಗ ಬಡಾಯಿ ನೆಲದ ಮೇಲೆ ಕೂತು ಚಹಾಕ್ಕೆ ಬ್ರೆಡ್ಡು ಅದ್ದುತ್ತಿದ್ದ. ಅದ್ದಿದ ತುದಿ ಮೆತ್ತಗಾಗಿ ಕಪ್ಪಿನೊಳಗೇ ಬಿತ್ತು. ಅದನ್ನು ಎರಡು ಬೆರಳಿನಿಂದ ಮೀನು ಹಿಡಿದಂತೆ ಹಿಡಿದು ಬಾಯಿಗೆ ಹಾಕಿಕೊಂಡು, ಆ ಬಾಯಿಯಲ್ಲೇ, "ಭಾವ, ಬೋರ್ಡಿಗೆ ನೀಲಿ ಬೇಡ ಕಣೋ, ನೀಲಿ ಎಲ್ಲರೂ ಹಾಕಿಸ್ತಾರೆ," ಎಂದ. ಬೋರ್ಡು ಅಂದರೆ ಅವರ ಸ್ವಂತ ಅಂಗಡಿಯ ಬೋರ್ಡು, ಇನ್ನೂ ಹುಟ್ಟದೇ ಇರುವ ಅಂಗಡಿಯದು. ಅದರ ಬಣ್ಣ ಈ ವರ್ಷಗಳಲ್ಲಿ ಎಷ್ಟು ಸಲ ಬದಲಾಯಿತೋ ಲೆಕ್ಕವಿಲ್ಲ. ಯಾರೋ ಅಗಿದು ಉಗಿದದ್ದನ್ನು ತಾನು ಮತ್ತೆ ಅಗಿಯುತ್ತಿದ್ದೇನೆ ಅನ್ನಿಸುತ್ತಿತ್ತು ಅಳತೆಗಾರನಿಗೆ ಆ ಮಾತು ಶುರುವಾದಾಗಲೆಲ್ಲ. ಮೊದಮೊದಲು ಹಾಗಿರಲಿಲ್ಲ. ಹಿಂದೆ ಅಂಗಡಿಯ ಮಾಡಿನ ಕೆಳಗೆ ಗಾಜಿನ ಪೆಟ್ಟಿಗೆಗಳ ಮೇಲೆ ಅಂಗಾತ ಮಲಗಿ ಇಬ್ಬರೂ ಈ ಆಟ ಆಡುತ್ತಿದ್ದರು: ಗೋಡೆ ಎಲ್ಲಿ, ಕತ್ತರಿಸುವ ಮೇಜು ಎಲ್ಲಿ, ಗಿರಾಕಿ ಕೂರುವ ಕುರ್ಚಿ ಎಲ್ಲಿ. ಹೊರಗೋಡೆಗೆ ಒಂದು ಆಳೆತ್ತರದ ಕನ್ನಡಿ ಹಾಕಬೇಕು, ಹೋಗಿ ಬರುವವರು ಪುಕ್ಕಟೆ ಮುಖ ನೋಡಿಕೊಂಡು ಹೋಗಲಿ ಎನ್ನುತ್ತಿದ್ದ ಬಡಾಯಿ. ಕನ್ನಡಿ ಹೊರಗೆ ಹಾಕಿದರೆ ಪಾದರಸ ಕಪ್ಪಾಗುತ್ತದೆ ಎಂದು ಅಳತೆಗಾರ ಹೇಳುತ್ತಿದ್ದ. ಕಪ್ಪಾದರೆ ಬೇರೆ ಹಾಕೋಣ, ಅಂಗಡಿ ನಮ್ಮದೇ ತಾನೇ, ಎನ್ನುತ್ತಿದ್ದ ಅವನು.

ಅಂಗಡಿ ಈಗ ಹುಟ್ಟುವ ಹಾಗಾಗಿತ್ತು, ತೊಂದರೆ ಅದೇ. ನಿನ್ನೆ ಗಾಜಿನಂಗಡಿಯ ಯಜಮಾನರು ಅಳತೆಗಾರನನ್ನು ಒಳಗೆ ಕರೆದು ಸ್ಟೂಲಿನ ಮೇಲೆ ಕೂರಿಸಿದ್ದರು. ಅವರ ಮಂಡಿ ಎರಡೂ ಕೈಕೊಟ್ಟಿದ್ದವು, ಮಗಳ ಮನೆಗೆ ಹೋಗಿ ಇರುವುದೆಂದು ತೀರ್ಮಾನವಾಗಿತ್ತು. ಮಾತಾಡುತ್ತಲೇ ಕಾಲಿನ ಹೆಬ್ಬೆರಳ ಉಗುರಿನ ಸಂದಿಯನ್ನು ಒಂದು ಮೊಳೆಯಿಂದ ಕೆದಕುತ್ತಿದ್ದರು. "ಅಂಗಡಿ ನೀನು ನಡೆಸು. ಹೊರಗಿನವರಿಗೆ ಕೊಡೋ ಮನಸ್ಸಿಲ್ಲ. ಆದ್ರೆ ಅವನು ಬೇಡ," ಎಂದರು. ಯಾರು ಎಂದು ಕೇಳಬೇಕಾಗಿರಲಿಲ್ಲ. "ಅವತ್ತು ಆ ಫೋಟೋದವನಿಗೆ ಏನಂದ, ನೆನಪಿದೆಯಾ?" ನೆನಪಿತ್ತು. ತಾಯಿ ಸತ್ತ ವಾರದಲ್ಲೇ ಒಬ್ಬ ತಾಯಿಯ ಫೋಟೋಗೆ ಗಾಜು ಹಾಕಿಸಲು ಬಂದಿದ್ದ. ಬಡಾಯಿ ಫೋಟೋ ಹಿಡಿದು ನೋಡಿ, "ಅಮ್ಮ ಎಷ್ಟು ಗೆಲುವಾಗಿದಾರೆ ಸ್ವಾಮಿ, ಇವರ ಮೇಲೆ ಗಾಜು ಹಾಕೋಕೇ ಮನಸ್ಸು ಬರಲ್ಲ, ಉಸಿರು ಕಟ್ಟಿಸಿದ ಹಾಗಾಗುತ್ತೆ," ಎಂದುಬಿಟ್ಟಿದ್ದ. ಬಂದವನು ಫೋಟೋ ಕಿತ್ತುಕೊಂಡು ಒಂದು ಮಾತೂ ಆಡದೆ ಹೋದ. ಬಡಾಯಿ ಅವನ ಹಿಂದೆಯೇ ಬೀದಿಯ ತನಕ ಓಡಿದ್ದ, ಒಳ್ಳೆಯದಕ್ಕೇ ಹೇಳಿದ್ದು ಎಂದು ವಿವರಿಸುವುದಕ್ಕೆ. "ಅವನ ಬಾಯಿ ಇರೋ ತನಕ ಅಂಗಡಿ ಏಳಲ್ಲ," ಎಂದರು ಯಜಮಾನರು. "ನಾನು ಹೇಳಿದ್ರೆ ಅತ್ತುಬಿಡ್ತಾನೆ. ನೀನೇ ಹೇಳು, ನಿನ್ನ ಹೆಂಡ್ತಿ ಅಣ್ಣ ತಾನೇ. ನಾಳೆ ಸಂಜೆ ಒಳಗೆ ಹೇಳಿ ಬಂದು ನನಗೆ ತಿಳಿಸು." ಅಳತೆಗಾರ ಆಗ ಏನು ಹೇಳಬೇಕಿತ್ತು ಎನ್ನುವುದು ಅವನಿಗೇ ಗೊತ್ತಿತ್ತು. ಇಬ್ಬರಿಗೂ ಕೊಡಿ, ಇಲ್ಲದಿದ್ದರೆ ನನಗೂ ಬೇಡ. ಎರಡು ತುಂಡು ಮಾತು. ಅದರ ಬದಲು, "ಆಗಲಿ ಯಜಮಾನ್ರೆ," ಎಂದಿದ್ದ. ಹಾಗೆ ಅಂದ ಕೂಡಲೇ ಒಳಗೆ ಒಂದು ಸಂತೋಷ ಪುಳಕ್ಕೆಂದು ಎದ್ದಿತ್ತು: ಕೂದಲಿಲ್ಲದ ಸೋಪು, ಸದ್ದಿಲ್ಲದ ಅಂಗಡಿ, ಮೇಜಿನ ಮೇಲೆ ತನ್ನ ಕೈಯ ನೆರಳೊಂದೇ. ಆ ಸಂತೋಷವನ್ನು ನೆನೆದರೆ ಈಗ ಬಾಯಿ ಕಹಿಯಾಗುತ್ತಿತ್ತು.

ಇವತ್ತಿನ ಕೆಲಸ ಒಂದು ಕ್ಷೌರದಂಗಡಿಯ ಕನ್ನಡಿ. ಗೋಡೆಯಗಲದ್ದು, ಮೊದಲ ಮಹಡಿಗೆ ಏರಿಸಬೇಕು. ದೊಡ್ಡ ಗಾಜನ್ನಾಗಲಿ ಕನ್ನಡಿಯನ್ನಾಗಲಿ ಮಲಗಿಸಿ ಒಯ್ಯುವಂತಿಲ್ಲ, ತನ್ನ ಭಾರಕ್ಕೆ ತಾನೇ ಬಿರಿಯುತ್ತದೆ, ನಿಲ್ಲಿಸಿಯೇ ಹಿಡಿಯಬೇಕು. ಈ ತುದಿಗೆ ಒಬ್ಬ, ಆ ತುದಿಗೆ ಒಬ್ಬ, ವಾಲದ ಹಾಗೆ ಒಬ್ಬ ಗಾಜಿನ ಈಚೆ, ಇನ್ನೊಬ್ಬ ಆಚೆ. ಮೆಟ್ಟಿಲಿನಲ್ಲಿ ಮೇಲಿನವನು ದಾರಿಗೆ ಬೆನ್ನು ಹಾಕಿ ಹಿಮ್ಮುಖವಾಗಿ ಹತ್ತುತ್ತಾನೆ, ಅವನು ತಿರುಗಿ ನೋಡಬಾರದು, ಸೊಂಟ ತಿರುಗಿದರೆ ಕೈ ತಿರುಗುತ್ತದೆ, ಕೈ ತಿರುಗಿದರೆ ಗಾಜು ಹೋಯಿತು. ಕೆಳಗಿನವನೇ ಅವನ ಕಣ್ಣು. ಮೆಟ್ಟಿಲು, ತಿರುವು, ತಲೆ ಬಗ್ಗಿಸು ಎನ್ನುವುದಕ್ಕೆ ತಲೆ, ನೆಲ ಸಮತಟ್ಟಾಗಿದೆ ಎನ್ನುವುದಕ್ಕೆ ಸಮ: ಈ ನಾಲ್ಕು ಮಾತು ಬಿಟ್ಟು ಕೆಳಗಿನವನು ಬೇರೆ ಆಡುವಂತಿಲ್ಲ. ಅವನು ಹೇಳದೆ ಮೇಲಿನವನು ಕಾಲು ಎತ್ತುವಂತಿಲ್ಲ. ಯಜಮಾನರು ಕಲಿಸಿದ ಪದ್ಧತಿ ಇದು, ಅವರಿಗೆ ಅವರ ಯಜಮಾನರು ಕಲಿಸಿದ್ದು. ಶುರುವಿನಿಂದಲೂ ಬೆನ್ನು ಹಾಕಿ ನಡೆಯುವವನು ಬಡಾಯಿ, ಕಣ್ಣು ಅಳತೆಗಾರ. ಹೀಗಾಗಿ ವರ್ಷಗಟ್ಟಲೆ ಅಳತೆಗಾರ ಕೆಲಸದ ಹೊತ್ತಿನಲ್ಲಿ ನೋಡಿದ್ದು ಗಾಜಿನಾಚೆಯ ಒಂದೇ ಮುಖ. ಆ ಮುಖದ ಉಸಿರು ಗಾಜಿನ ಮೇಲೆ ಮಂಜಾಗಿ ಹರಡುವುದು, ಮಾತಿನ ಜೊತೆ ಹಾರಿದ ಎಂಜಲ ಹನಿ ಗಾಜಿಗೆ ಅಂಟಿ ನಿಧಾನಕ್ಕೆ ಇಳಿಯುವುದು, ಮೂಗಿನ ಹೊಳ್ಳೆಯ ಒಳಗಿನ ಕೂದಲು, ಮುಂದಿನ ಹಲ್ಲಿನ ಬುಡದ ಹಳದಿ. ಹೆಂಡತಿಯ ಮುಖವನ್ನು ಅವನು ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು ನೋಡಿರಲಿಲ್ಲ. ಯಾವ ಮುಖವನ್ನೂ ಅಷ್ಟು ಹೊತ್ತು ನೋಡಬಾರದು.

ವ್ಯಾನಿನ ಹಿಂಭಾಗದಲ್ಲಿ ಕನ್ನಡಿಯನ್ನು ಹಳೇ ಕಂಬಳಿ ಸುತ್ತಿ ನಿಲ್ಲಿಸಿ, ಇಬ್ಬರೂ ಎರಡು ಕಡೆ ಬೆನ್ನು ಕೊಟ್ಟು ಕೂತಿದ್ದರು. ಈಗ ಹೇಳಬಹುದಿತ್ತು. ನಡುವೆ ಕನ್ನಡಿ ಇತ್ತು, ಮುಖ ನೋಡಬೇಕಾಗಿರಲಿಲ್ಲ. ಅಳತೆಗಾರ ಕಂಬಳಿಯ ಅಂಚು ಸರಿ ಮಾಡಿದ. "ನೋಡು," ಎಂದ. "ನೋಡ್ತಾನೇ ಇದೀನಿ," ಎಂದ ಬಡಾಯಿ ಆಚೆಯಿಂದ, ತನ್ನ ಮಾತಿಗೆ ತಾನೇ ನಕ್ಕು. "ಯಜಮಾನ್ರ ಮಂಡಿ ಹೋಗಿದೆ ಅಂತೆ, ಪುಟ್ಟಿ ಹೇಳಿದ್ಲು. ಇನ್ನೇನು ಭಾವ, ಅವರು ಕೊಡೋದು ನಮಗೇ. ಬೇರೆ ಯಾರಿಗೆ ಕೊಡ್ತಾರೆ? ಕೊಟ್ಟ ಮೇಲೆ ಒಂದೇ ಒಂದು ಕೇಳ್ತೀನಿ ನಿನ್ನ. ಬೆನ್ನು ಹಾಕಿ ನಡೆಯೋದಕ್ಕೆ ಒಬ್ಬನ್ನ ಇಟ್ಕೊಳ್ಳೋಣ. ನನಗೂ ಒಂದು ಸಲ ಮುಂದೆ ನೋಡ್ಕೊಂಡು ನಡೀಬೇಕು ಅಂತ ಆಸೆ. ಯಾವ ಮನೆಗೆ ಹೋದ್ರೂ ನಾನು ನೋಡೋದು ಬಿಟ್ಟು ಬಂದ ದಾರಿನೇ." ಇದನ್ನು ಅವನು ಹಿಂದೆ ಯಾವತ್ತೂ ಹೇಳಿರಲಿಲ್ಲ. ಅಳತೆಗಾರನಿಗೆ ಪಾಪ ಅನ್ನಿಸಿತು, ಹಾಗನ್ನಿಸಿದ್ದಕ್ಕೇ ರೇಗಿತು. ಬೆಳಗಿನಿಂದ ಹೊಂದಿಸಿಕೊಂಡು ಬಂದಿದ್ದ ಮಾತನ್ನು ಇವನು ಒಂದು ಆಸೆ ಹೇಳಿ ಹಾಳುಮಾಡಿದ. ಇಂಥವನಿಗೆ ಹೇಳುವುದಾದರೂ ಹೇಗೆ? ಅಳುತ್ತಾನೆ, ಮೂಗು ಸುರಿಸುತ್ತಾನೆ, ಆಮೇಲೆ ತಬ್ಬಿಕೊಂಡು, ಆಗಲಿ ಬಿಡು ಭಾವ, ನೀನು ಚೆನ್ನಾಗಿರು ಎಂದೂ ಎನ್ನುತ್ತಾನೆ. ತಬ್ಬಿಕೊಳ್ಳುವ ಯೋಚನೆಗೇ ಅಳತೆಗಾರನ ಮೈ ಮುಳ್ಳಾಯಿತು.

ಮೆಟ್ಟಿಲು ಕಿರಿದು, ಒಂದು ಕಡೆ ಗೋಡೆ, ಗೋಡೆಯ ತುಂಬ ಜನರ ಕೈಯ ಜಿಡ್ಡು. ಬಡಾಯಿ ಮೇಲೆ, ಬೆನ್ನು ಹಾಕಿ; ಅಳತೆಗಾರ ಕೆಳಗೆ. ಕನ್ನಡಿಯ ಮುಖ ಅಳತೆಗಾರನ ಕಡೆಗಿತ್ತು. ಗಾಜಾಗಿದ್ದರೆ ಬಡಾಯಿಯ ಮೈ ಕಾಣುತ್ತಿತ್ತು. ಈಗ ಅಂಚಿನಾಚೆ ಅವನ ತಲೆ ಮಾತ್ರ, ಉಳಿದ ಕಡೆಯೆಲ್ಲ ಅಳತೆಗಾರನೇ. ಬೆವೆತ ಮುಖ, ಜೋತುಬಿದ್ದ ಕೆನ್ನೆ, ತೆರೆದ ಬಾಯಿ. ಮೆಟ್ಟಿಲು, ಎಂದಾಗಲೆಲ್ಲ ಆ ಬಾಯಿ ಕಪ್ಪೆಯ ಬಾಯಿಯಂತೆ ತೆರೆದು ಮುಚ್ಚುತ್ತಿತ್ತು, ಒಳಗೆ ನಾಲಗೆ ಒದ್ದೆಯಾಗಿ ಹೊರಳುತ್ತಿತ್ತು. ಮೆಟ್ಟಿಲು. ಮೆಟ್ಟಿಲು. ಬಡಾಯಿಯ ಕಾಲು ಪ್ರತಿ ಮಾತಿಗೂ ಒಂದೊಂದಾಗಿ ಏರುತ್ತಿತ್ತು, ಮಾತು ಕಲಿತ ಗಿಣಿಯಷ್ಟು ನಿಷ್ಠೆಯಿಂದ. ತಿರುವು, ಎಂದ ಅಳತೆಗಾರ. ತಿರುವಿನ ಚೌಕದಲ್ಲಿ ಇಬ್ಬರೂ ಉಸಿರು ತೆಗೆದುಕೊಂಡರು. ಬಡಾಯಿ ಅಲ್ಲಿಯೂ ಬಿಡಲಿಲ್ಲ. "ಬಿಳಿ ಬೋರ್ಡು, ಹಸಿರು ಅಕ್ಷರ," ಎಂದ, ನಗುವಾಗ ತುಟಿಯ ಮೂಲೆಯಲ್ಲಿ ಬೆಳಗಿನ ಬ್ರೆಡ್ಡಿನ ಒಂದು ಚೂರು ಒಣಗಿ ನಿಂತದ್ದು ಕಂಡಿತು. ಮತ್ತೆ ಮೆಟ್ಟಿಲು, ಮೆಟ್ಟಿಲು. ಮೇಲಿನ ಓಣಿ ಬಂತು. ಸಮ, ಸಮ. ಕ್ಷೌರದಂಗಡಿಯ ಬಾಗಿಲಿಗೆ ಮುಂಚೆ ಯಾರೋ ಆಮೇಲೆ ಕಟ್ಟಿಸಿದ ಗೇಣೆತ್ತರದ ಒಂದು ಕಲ್ಲಿನ ಮೆಟ್ಟಿಲಿತ್ತು. ಮೊನ್ನೆ ಗೋಡೆ ಅಳೆಯಲು ಬಂದಾಗ ಅಳತೆಗಾರನೇ ಅದಕ್ಕೆ ಎಡವಿದ್ದ. ಅದು ಬಡಾಯಿಯ ಹಿಮ್ಮಡಿಗೆ ಒಂದು ಹೆಜ್ಜೆ ದೂರದಲ್ಲಿತ್ತು. ಮಾತು ನಾಲಗೆಯ ತುದಿಗೆ ಬಂತು, ಅಲ್ಲಿ ನಿಂತಿತು.

ಇವನು ಬೀಳಲಿ. ಬಿದ್ದರೆ ಏನಾಗುತ್ತದೆ, ಅಂಡು ನೋಯುತ್ತದೆ, ಕನ್ನಡಿ ಒಡೆಯುತ್ತದೆ, ಯಜಮಾನರೇ ಬಂದು ಬೈದು ಕಳಿಸುತ್ತಾರೆ. ನಾನು ಏನೂ ಹೇಳಬೇಕಾಗಿಲ್ಲ. ಇಷ್ಟನ್ನೂ ಅವನು ಯೋಚಿಸಿದನೋ, ಯೋಚನೆ ಅವನನ್ನು ಬಿಟ್ಟು ತಾನೇ ನಡೆಯಿತೋ, ಆಮೇಲೆ ಎಷ್ಟು ಕೆದಕಿದರೂ ಅವನಿಗೆ ಗೊತ್ತಾಗಲಿಲ್ಲ. ಗೊತ್ತಾದದ್ದು ಒಂದೇ: ಅವನು ಸುಮ್ಮನಾದದ್ದಕ್ಕೆ ಬಡಾಯಿ ಬೀಳಲಿಲ್ಲ. ನಿಂತ. ಮಾತು ಬರದೆ ಕಾಲು ಎತ್ತಬಾರದೆಂಬ ಪದ್ಧತಿಯಂತೆ, ಭಾರದ ಕನ್ನಡಿ ಹಿಡಿದೇ ನಿಂತ. ತಿರುಗಿ ನೋಡಲಿಲ್ಲ. ಅಂಚಿನಾಚೆಯಿಂದ ಅಳತೆಗಾರನ ಕಣ್ಣನ್ನೇ ನೋಡುತ್ತ, "ಹೇಳು ಭಾವ," ಎಂದ. ಇಷ್ಟು ಹತ್ತಿರದಿಂದ ಇಷ್ಟು ನಂಬಿಕೆಯನ್ನು ನೋಡುವುದು ಕೂಡ ಆ ಕೂದಲನ್ನು ನೋಡಿದಷ್ಟೇ ಹೇಸಿಗೆಯಾಗಿತ್ತು. ಕನ್ನಡಿಯಲ್ಲಿ ಆ ಕಪ್ಪೆಬಾಯಿ ತೆರೆಯಿತು.

"ಸಮ. ಬಾ," ಎಂದಿತು.

ಬಡಾಯಿ ಬಂದ. ಹಿಮ್ಮಡಿ ಕಲ್ಲಿಗೆ ಬಡಿಯಿತು, ಮೈ ಹಿಂದಕ್ಕೆ ಹೋಯಿತು, ಬಾಗಿಲಿನೊಳಕ್ಕೆ ಅರ್ಧ ಕೂತಂತೆ ಬಿದ್ದ. ಕನ್ನಡಿ ಬಿದ್ದರೆ ಬಿಟ್ಟುಬಿಡಬೇಕು, ಅದೂ ಕಲಿತದ್ದೇ. ಅವನು ಬಿಡಲಿಲ್ಲ. ಕನ್ನಡಿಯ ಅವನ ಕಡೆಯ ತುದಿ ಕಲ್ಲಿನ ಅಂಚಿಗೆ ಹೊಡೆದು ಉದ್ದುದ್ದಕ್ಕೆ ಸೀಳಿತು, ಆ ಸೀಳನ್ನು ಅಂಗೈಯಲ್ಲಿ ಹಿಡಿದೇ ಇದ್ದ, ಅಳತೆಗಾರ ತನ್ನ ಕಡೆಯ ತುಂಡನ್ನು ಗೋಡೆಗೆ ಒರಗಿಸುವ ತನಕ. ಒಳಗಿನಿಂದ ಕ್ಷೌರಿಕ ಕತ್ತಿ ಹಿಡಿದುಕೊಂಡೇ ಬಂದ, ಅವನ ಹಿಂದೆ ಅರ್ಧ ಗಡ್ಡ ಹೆರೆಸಿಕೊಂಡ ಒಬ್ಬ ಗಿರಾಕಿ, ಒಂದು ಕೆನ್ನೆಯಲ್ಲಿ ನೊರೆ. ಬಡಾಯಿಯ ಅಂಗೈಯ ಒಳಗೆ ಬೆಳ್ಳಗೆ ಏನೋ ಕಾಣುತ್ತಿತ್ತು, ಆಮೇಲೆ ರಕ್ತ ಬಂದು ಅದನ್ನು ಮುಚ್ಚಿತು. ನೆಲದಲ್ಲಿ ಬಿದ್ದಿದ್ದ ಕತ್ತರಿಸಿದ ಕೂದಲಿನ ಮೇಲೆ ರಕ್ತ ಹರಡಿ ಕೂದಲೆಲ್ಲ ಉಂಡೆಯಾಗಿ ತೇಲಿತು. ಅಳತೆಗಾರ ಗೋಡೆ ಹಿಡಿದು ವಾಂತಿ ಮಾಡಿದ. ಬಾಯಿ ಒರೆಸಿಕೊಳ್ಳುವಾಗ ಹಿಂದಿನಿಂದ ಬಡಾಯಿಯ ಮಾತು ಕೇಳಿತು, ಹಲ್ಲು ಕಚ್ಚಿಕೊಂಡು ಕ್ಷೌರಿಕನಿಗೆ ಹೇಳುತ್ತಿದ್ದ: "ನಂದೇ ತಪ್ಪು ಸ್ವಾಮಿ, ತಿರುಗಿ ನೋಡಿಬಿಟ್ಟೆ. ಹಾಗೆ ನೋಡಬಾರದು."

ಆಸ್ಪತ್ರೆಯಲ್ಲಿ ಬಲಗೈಗೆ ಹೊಲಿಗೆ ಹಾಕಿ ಬಟ್ಟೆಯ ಮುದ್ದೆ ಮಾಡಿಟ್ಟರು. ಬೆರಳಿನ ನರಗಳು ಹೋಗಿವೆ, ಮಡಚುವುದು ಇನ್ನು ಅನುಮಾನ ಎಂದರು. ಎಡಗೈಗೆ ಸೂಜಿ ಚುಚ್ಚಿ ಬಾಟಲಿ ತೂಗುಹಾಕಿದ್ದರು. ಹೆಂಡತಿ ಓಡಿ ಬಂದು ಅಣ್ಣನ ತಲೆ ಸವರಿ, ಔಷಧಿ ತರಲು ಕೆಳಗೆ ಹೋಗುತ್ತ, "ಬೆಳಿಗ್ಗೆ ಚಹಾ ಬ್ರೆಡ್ಡು ಬಿಟ್ರೆ ಏನೂ ತಿಂದಿಲ್ಲ ಅವನು, ಸ್ವಲ್ಪ ತಿನ್ನಿಸ್ತಾ ಇರಿ," ಎಂದು ಬಟ್ಟಲನ್ನು ಗಂಡನ ಕೈಗೆ ಕೊಟ್ಟಳು. ಹಾಲಿನಲ್ಲಿ ನೆನೆಸಿದ ಬ್ರೆಡ್ಡು. ಚಮಚ ಇರಲಿಲ್ಲ. ಅಳತೆಗಾರ ಒಂದು ತುಂಡು ಎತ್ತಿದ, ಅದು ಬೆರಳ ಸಂದಿಯಿಂದ ಜಿನುಗಿ ಮಣಿಕಟ್ಟಿನ ತನಕ ಇಳಿಯಿತು. ಬಡಾಯಿ ಬಾಯಿ ತೆರೆದ. ಆ ಹಳದಿ ಹಲ್ಲಿನ ಒಳಗೆ ಅಳತೆಗಾರ ಬೆರಳು ಹಾಕಬೇಕಾಯಿತು, ತುಟಿ ಬೆರಳನ್ನು ಮುಚ್ಚಿಕೊಂಡು ಬೆಚ್ಚಗೆ ಚೀಪಿ ಬಿಟ್ಟಿತು. ಬೆರಳನ್ನು ಪ್ಯಾಂಟಿಗೆ ಒರೆಸಿಕೊಳ್ಳಬೇಕೆನಿಸಿತು, ಬಡಾಯಿ ನೋಡುತ್ತಿದ್ದ, ಒರೆಸಿಕೊಳ್ಳಲಿಲ್ಲ.

"ನೀನು ಸಮ ಅಂದೆ," ಎಂದ ಬಡಾಯಿ, ನುಂಗಿ.

ಅಳತೆಗಾರ ಇನ್ನೊಂದು ತುಂಡು ಎತ್ತಿದ.

"ಹೋಗ್ಲಿ ಬಿಡು. ಇಷ್ಟು ವರ್ಷದಲ್ಲಿ ಒಂದು ಸಲ ನಿನ್ನ ಕಣ್ಣು ತಪ್ಪಬಾರದಾ? ಬೆಳಿಗ್ಗೆಯಿಂದ ನಿನಗೆ ಮೈ ಸರಿ ಇರಲಿಲ್ಲ, ನೋಡಿದೆ ನಾನು. ಸೋಪು ಕೂಡ ಹಾಕ್ಕೊಂಡಿಲ್ಲ." ಬಾಯಿ ತೆರೆದು ತುಂಡು ತೆಗೆದುಕೊಂಡ. "ನಾನು ತಿರುಗಿದೆ ಅಂತಲೇ ಹೇಳಿದೀನಿ. ಪುಟ್ಟಿಗೂ ಅದನ್ನೇ ಹೇಳ್ತೀನಿ. ನೀನು ಏನೂ ಹೇಳಬೇಡ, ಸುಮ್ಮನೆ ಇರು ಸಾಕು. ನಿನಗೆ ಅದು ಚೆನ್ನಾಗಿ ಬರುತ್ತಲ್ಲ."

"ಕನ್ನಡಿ ಯಾಕೆ ಬಿಡಲಿಲ್ಲ?" ಎಂದು ಕೇಳಿದ ಅಳತೆಗಾರ. ಅವನ ದನಿ ಅವನಿಗೇ ಯಾರದೋ ಅನ್ನಿಸಿತು.

"ಬಿಟ್ಟಿದ್ರೆ ನಿನ್ನ ಮೇಲೆ ಬರ್ತಿತ್ತಲ್ಲೋ," ಎಂದ ಬಡಾಯಿ, ಇದೂ ಒಂದು ಪ್ರಶ್ನೆಯೇ ಎಂಬಂತೆ. ಆಮೇಲೆ ಬಟ್ಟೆಯ ಮುದ್ದೆಯನ್ನು ನೋಡಿ, "ಒಂದು ಒಳ್ಳೇದಾಯ್ತು. ಇನ್ನು ಬೆನ್ನು ಹಾಕಿ ನಡೆಯೋದು ನನ್ನಿಂದಾಗಲ್ಲ. ಮೇಜಿನ ಹಿಂದೆ ಕೂರ್ತೀನಿ, ನೀನು ಕತ್ತರಿಸು," ಎಂದ. ಅಳತೆಗಾರನಿಗೆ ಇಲ್ಲಿ ಕಣ್ಣೀರು ಬರಬೇಕಿತ್ತು. ಬಂದದ್ದು ಹೇಸಿಗೆ, ಮೊದಲಿನದಕ್ಕಿಂತ ದಟ್ಟವಾಗಿ. ಕ್ಷಮೆಯನ್ನು ಹೀಗೆ ಎಂಜಲು ಸುರಿಸಿಕೊಂಡು, ಬ್ರೆಡ್ಡು ನುಂಗುತ್ತ, ಕೇಳದೇ ಇದ್ದರೂ ಕೊಡುವವನ ಜೊತೆ ಮನುಷ್ಯ ಹೇಗೆ ಬದುಕುವುದು? ಇನ್ನು ದಿನವೂ ಆ ಮಡಚದ ಬೆರಳುಗಳು ಊಟಕ್ಕೆ ಎದುರಿಗೆ ಕೂರುತ್ತವೆ. ಅವನು ಒಂದು ದಿನವೂ ಬೈಯುವುದಿಲ್ಲ.

ಯಜಮಾನರು ಕೋಲೂರಿಕೊಂಡು ಬಂದರು, ಅವರ ತೋಳು ಹಿಡಿದು ಹೆಂಡತಿ. ಮಂಡಿ ನೋವಿಗೆ ಮುಖ ಕಿವಿಚಿಕೊಂಡು ಯಜಮಾನರು ಹಾಸಿಗೆಯ ತುದಿಯಲ್ಲಿ ಕೂತರು, ಕೈಯ ಮುದ್ದೆ ನೋಡಿದರು, ತಲೆ ಅಲ್ಲಾಡಿಸಿದರು. "ತಿರುಗಿ ನೋಡಿದೆ ಯಜಮಾನ್ರೆ," ಎಂದ ಬಡಾಯಿ, ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗನ ನಗು ನಗುತ್ತ. ಹೆಂಡತಿ ಗಂಡನ ಕಡೆ ನೋಡಿದಳು. ಅವಳು ಸುಮ್ಮನೆ ನೋಡುವವಳಲ್ಲ. "ಇಷ್ಟು ವರ್ಷದಲ್ಲಿ ಒಂದು ದಿನವೂ ತಿರುಗಿ ನೋಡಿದವನಲ್ಲ ಅಣ್ಣ. ಬೀದಿಯಲ್ಲಿ ಕರೆದರೂ ತಿರುಗಲ್ಲ, ಅದೇ ಅಭ್ಯಾಸ ಆಗಿಹೋಗಿದೆ. ಇವತ್ತು ಏನಾಯ್ತು ರೀ?" ಎಂದಳು.

ಸುಮ್ಮನಿದ್ದರೆ ಸಾಕಿತ್ತು. ಬಡಾಯಿ ಹಾಸಿಗೆಯಿಂದಲೇ ಕಣ್ಣಿನಲ್ಲಿ, ಸುಮ್ಮನಿರು, ನಾನು ನೋಡಿಕೊಳ್ಳುತ್ತೇನೆ ಎನ್ನುತ್ತಿದ್ದ. ಆ ಕಣ್ಣಿನ ದಯೆಗೇ ಇರಬೇಕು, ಅಳತೆಗಾರನ ಬಾಯಿ ತೆರೆಯಿತು. "ಮೆಟ್ಟಿಲು ಅಂತ ಕೂಗಿದೆ," ಎಂದ. "ಎರಡು ಸಲ ಕೂಗಿದೆ. ಕೇಳಲಿಲ್ಲ. ಬೋರ್ಡಿಗೆ ಯಾವ ಬಣ್ಣ ಅಂತ ಮಾತಾಡ್ತಾ ಇದ್ದ. ಈಗೀಗ ಅವನು ಹೀಗೇ, ನಾನೇ ಯಾರಿಗೂ ಹೇಳಿರಲಿಲ್ಲ."

ನಾಲ್ಕು ಜನರ ಮುಂದೆ ಇಷ್ಟು ಸಲೀಸಾಗಿ ಅವನು ಜೀವನದಲ್ಲಿ ಮಾತಾಡಿರಲಿಲ್ಲ.

"ಅದಕ್ಕೇ ತಾನೇ ನಿನ್ನೆ ನಿನಗೆ ಅಷ್ಟು ಬಿಡಿಸಿ ಹೇಳಿದ್ದು," ಎಂದರು ಯಜಮಾನರು, ನಿಟ್ಟುಸಿರಿಟ್ಟು. "ಅಂಗಡಿ ನಿನಗೊಬ್ಬನಿಗೇ, ಇವನು ಬೇಡ ಅಂತ. ನೀನು ಆಗಲಿ ಅಂದೆ, ಸರಿ. ಆದ್ರೆ ಹೇಳೋ ಕೆಲಸ ಬೆಳಿಗ್ಗೆನೇ ಮಾಡಿದ್ರೆ ಇವನು ಮೆಟ್ಟಿಲೇ ಹತ್ತುತ್ತಿರಲಿಲ್ಲ." ಮತ್ತೆ ಏನೋ ಹೇಳಿದರು, ಬೀಗದ ಕೈ ನಾಳೆ ಬಂದು ತಗೋ ಎಂದೋ ಏನೋ. ಹೆಂಡತಿ ಔಷಧಿಯ ಚೀಲವನ್ನು ಎದೆಗೆ ಒತ್ತಿ ಹಿಡಿದುಕೊಂಡು ನಿಂತಿದ್ದಳು.

ಬಡಾಯಿ ಅಳಲಿಲ್ಲ. ಅಳುತ್ತಾನೆಂದೇ ಎಲ್ಲರೂ ಅಂದುಕೊಂಡಿದ್ದರು. ಅವನು ಅಳತೆಗಾರನನ್ನು ನೋಡಿದ, ಮೆಟ್ಟಿಲ ಮೇಲೆ ನೋಡಿದಷ್ಟೇ ನೆಟ್ಟಗೆ, ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋಗಿ ಏನನ್ನೋ ಹುಡುಕುತ್ತಿರುವವನ ಹಾಗೆ: ನಿನ್ನೆ, ಇವತ್ತು ಬೆಳಿಗ್ಗೆ, ವ್ಯಾನು, ತಿರುವು. ಹುಡುಕಿದ್ದು ಸಿಕ್ಕಿತು. ಮುಖದಲ್ಲಿ ಸಿಟ್ಟು ಬರಬಹುದೆಂದು ಅಳತೆಗಾರ ಕಾದ, ಬಂದರೆ ಎಷ್ಟೋ ಹಗುರವಾಗುತ್ತಿತ್ತು. ಬರಲಿಲ್ಲ. ಬಟ್ಟಲಿನಲ್ಲಿ ಇನ್ನೂ ಬ್ರೆಡ್ಡಿತ್ತು. ಎಲ್ಲರೂ ನೋಡುತ್ತಿದ್ದರು, ಕೈಗೆ ಏನಾದರೂ ಕೆಲಸ ಬೇಕಿತ್ತು. ಅವನು ಒಂದು ತುಂಡು ಎತ್ತಿ ಬಡಾಯಿಯ ತುಟಿಯ ಹತ್ತಿರ ಹಿಡಿದ.

ತುಟಿ ಮುಚ್ಚಿತ್ತು.

"ತಿನ್ನು," ಎಂದ. ಹಾಲು ಅವನ ಮಣಿಕಟ್ಟಿನಿಂದ ಮೊಣಕೈಗೆ ಇಳಿದು ಹಾಸಿಗೆಯ ಮೇಲೆ ತೊಟ್ಟಿಕ್ಕುತ್ತಿತ್ತು. "ಬಾಯಿ ತೆಗೆಯೋ," ಎಂದ. ಬಡಾಯಿ ತೆಗೆಯಲಿಲ್ಲ, ಮುಖವನ್ನೂ ಆಚೆ ತಿರುಗಿಸಲಿಲ್ಲ.